ಬೆನ್ನ ಮೇಲೆ ನಡೆಯುವ ಹುಳು

ನನ್ನ ತಪ್ಪಿನಿಂದ ನಷ್ಟವಾದದ್ದು ನನಗೊಬ್ಬನಿಗೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನನ್ನ ಮಾತು ನಂಬಿ ಅಕ್ಕಪಕ್ಕದ ತೋಟದವರೂ ಅದೇ ಕೆಲಸ ಮಾಡಿದರು. ಅದಕ್ಕೇ ಬರೆಯುತ್ತಿದ್ದೇನೆ. ಕಾಫಿ ಸೀಮೆಯಲ್ಲಿ ಗೊಬ್ಬರದ ಗುಂಡಿ ಇರುವ ಪ್ರತಿ ಮನೆಯವರೂ ಇದನ್ನು ಓದಲಿ ಎಂಬ ಆಸೆ ನನಗಿದೆ.

ಚಿಕ್ಕಮಗಳೂರಿನಿಂದ ಕೈಮರ ದಾಟಿ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ಸಿಗುತ್ತದೆ ಅತ್ತಿಗುಂಡಿ. ಸುತ್ತ ಶೋಲಾ ಕಾಡು, ಮೇಲೆ ಹುಲ್ಲುಬೆಟ್ಟ, ಇಳಿಜಾರಿನಲ್ಲಿ ನೆರಳಿನಡಿ ಅರೇಬಿಕಾ ತೋಟಗಳು. ಇಲ್ಲಿ ದುಂಬಿಗಳಿಗೆ ಬರವಿಲ್ಲ. ಅಂಗಳದ ಗುಲಾಬಿಗೆ, ನೇರಳೆ ಹೂವಿಗೆ, ಬೇಲಿಯ ಕಾಡುಹೂಗಳಿಗೆ ಬಂದು ಕೂರುವ ಹೊಳಪಿನ ಹೂದುಂಬಿಗಳೆಂದರೆ ನನಗೆ ಮೊದಲಿನಿಂದಲೂ ಪ್ರೀತಿ. ಅವುಗಳ ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಬಣ್ಣದ ಪ್ರಕಾರ ವಿಂಗಡಿಸಿ ಇಟ್ಟಿದ್ದೆ: ಹಸಿರು, ಕೆಂಪು, ಕಪ್ಪು ಮೈಗೆ ಬಿಳಿ ಚುಕ್ಕಿ. ಮನೆಗೆ ಬಂದ ನೆಂಟರಿಷ್ಟರಿಗೆ ತೋರಿಸಿ, ಇವೆಲ್ಲ ನಮ್ಮ ತೋಟದವೇ ಎಂದು ಹೇಳುತ್ತಿದ್ದೆ. ಅವುಗಳನ್ನು ಬಲ್ಲೆ ಎಂಬ ನಂಬಿಕೆ ನನ್ನದು.

ಒಂದು ವರ್ಷ ಹೊಸದಾಗಿ ನೆಟ್ಟ ಕಾಫಿ ಗಿಡಗಳು ಮುಂಗಾರು ಮುಗಿಯುವ ಹೊತ್ತಿಗೆ ಹಳದಿಯಾಗಿ ಬಾಡತೊಡಗಿದವು. ಹಿಡಿದು ಎಳೆದರೆ ಸಲೀಸಾಗಿ ಕೈಗೆ ಬರುತ್ತಿದ್ದವು. ಸಣ್ಣ ಬೇರುಗಳು ಒಂದೂ ಇಲ್ಲ, ದಪ್ಪ ಬೇರಿನ ಸಿಪ್ಪೆ ಕೆರೆದು ಹೋಗಿದೆ. ಬುಡದ ಮಣ್ಣು ಕೆದಕಿದರೆ ಮುದುಡಿಕೊಂಡು ಮಲಗಿದ್ದ ಬಿಳಿ ಹುಳು. ಗೊಣ್ಣೆಹುಳು. ಬೇರುಹುಳು ಎಂದೂ ಕರೆಯುತ್ತೇವೆ.

ಇದು ಎಲ್ಲಿಂದ ಬಂತು ಎಂದು ಹುಡುಕುತ್ತಾ ಗೊಬ್ಬರದ ಗುಂಡಿಯ ಹತ್ತಿರ ಹೋದೆ. ಕೊಟ್ಟಿಗೆಯ ಸಗಣಿ, ಪಲ್ಪರ್‌ನಿಂದ ಬಂದ ಕಾಫಿ ಹಣ್ಣಿನ ಸಿಪ್ಪೆ, ತರಗೆಲೆ ಎಲ್ಲ ಸೇರಿ ಕೊಳೆಯುತ್ತಿದ್ದ ಗುಂಡಿ. ಗುದ್ದಲಿ ಹಾಕಿದಲ್ಲೆಲ್ಲ ಬೆರಳು ಗಾತ್ರದ ಬಿಳಿ ಹುಳುಗಳು. ಮೂಲ ಸಿಕ್ಕಿತು ಎಂದುಕೊಂಡೆ. ಗುಂಡಿಯಲ್ಲಿ ಹುಟ್ಟುವ ಹುಳು ಗೊಬ್ಬರದ ಜೊತೆ ಗಿಡದ ಬುಡಕ್ಕೆ ಹೋಗಿ ಬೇರು ತಿನ್ನುತ್ತಿದೆ. ಲೆಕ್ಕ ಸರಿಯಾಗಿ ಕೂಡಿತ್ತು.

ಕೊಟ್ಟಿಗೆ, ತಿಪ್ಪೆಯ ಕೆಲಸ ನೋಡಿಕೊಳ್ಳುತ್ತಿದ್ದ ಹಿರಿಯಾಕೆ ಪಕ್ಕದಲ್ಲೇ ನಿಂತಿದ್ದರು. ಔಷಧಿ ತರಿಸುತ್ತೇನೆ ಎಂದಾಗ ಅವರು, ‘ಇವು ಬೆನ್ ಮೇಲೆ ಹೋಗ್ತಾವೆ ಗೌಡ್ರೆ. ಬೇರ್ ತಿನ್ನೋ ಹುಳ ಹಿಂಗೆ ಹೋಗಲ್ಲ. ಇವು ಇದ್ರೆ ಗೊಬ್ಬರ ಬೇಗ ಪುಡಿ ಆಗ್ತದೆ’ ಎಂದರು.

‘ಹುಳ ಹುಳಾನೇ ಅಮ್ಮ. ಬಿಟ್ರೆ ತೋಟ ಉಳಿಯಲ್ಲ’ ಎಂದೆ.

ಆ ಮಾತಿನ ಮೇಲೆ ಅವರು ಸುಮ್ಮನಾದರು. ತೋಟ ನನ್ನದು, ಮಾತು ಮುಗಿಸುವ ಅಧಿಕಾರವೂ ನನ್ನದೇ ಎಂಬಂತೆ ನಡೆದುಕೊಂಡೆ. ಮಾರನೆಯ ದಿನ ಕ್ಲೋರ್‌ಪೈರಿಫಾಸ್ ಕಲಸಿ ಗುಂಡಿಗೆ ಸುರಿಸಿದೆ. ಸಂಜೆಯ ಹೊತ್ತಿಗೆ ಹುಳುಗಳು ಮೇಲೆ ಬಂದು ಹೊರಳಾಡಿ ಸತ್ತವು. ಜೊತೆಗೆ ಎರೆಹುಳುಗಳೂ ಸತ್ತವು. ಊರಿನಲ್ಲಿ ಸಿಕ್ಕವರಿಗೆಲ್ಲ, ಬೇರುಹುಳದ ಬೀಜ ನಿಮ್ಮ ಗೊಬ್ಬರದ ಗುಂಡಿಯಲ್ಲೇ ಇದೆ, ಮೊದಲು ಅದಕ್ಕೆ ಔಷಧಿ ಹಾಕಿ ಎಂದು ಹೇಳಿದೆ. ಹಲವರು ಹಾಕಿದರು.

ಮರುವರ್ಷ ಗಿಡಗಳು ಅದೇ ರೀತಿ ಬಾಡಿದವು. ಗುಂಡಿಯ ಗೊಬ್ಬರ ಮಾತ್ರ ಪುಡಿಯಾಗಲಿಲ್ಲ. ಸಗಣಿ ಗಟ್ಟಿಯಾಗಿ, ಕಾಫಿ ಸಿಪ್ಪೆ ಜಿಗುಟಾಗಿ ಹಾಗೇ ಉಳಿಯಿತು. ನನ್ನ ಲೆಕ್ಕದಲ್ಲಿ ಏನೋ ತಪ್ಪಿದೆ ಎಂದು ಆಗ ಅನ್ನಿಸಿತು. ಗಿಡದ ಬುಡದ ಹುಳುಗಳನ್ನೂ, ಇನ್ನೂ ಔಷಧಿ ಹಾಕದ ಒಬ್ಬರ ಗುಂಡಿಯ ಹುಳುಗಳನ್ನೂ ಒಂದು ಡಬ್ಬಿಯಲ್ಲಿ ಮಣ್ಣಿನ ಸಮೇತ ತುಂಬಿಕೊಂಡು, ಪರಿಚಯದ ಕೀಟತಜ್ಞರೊಬ್ಬರ ಬಳಿ ಹೋದೆ. ಡಬ್ಬಿಯ ಮುಚ್ಚಳ ತೆಗೆದವರೇ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಎರಡನ್ನೂ ಯಾಕೆ ಒಟ್ಟಿಗೆ ಹಾಕಿದಿರಿ?’

ಅವರು ಹುಳುಗಳನ್ನು ಒಂದು ಅಗಲ ತಟ್ಟೆಗೆ ಸುರಿದು, ಮಣ್ಣು ಸರಿಸಿ, ನೋಡಿ ಎಂದರು. ಸ್ವಲ್ಪ ಹೊತ್ತು ಎಲ್ಲವೂ ಮುದುಡಿಕೊಂಡೇ ಇದ್ದವು. ಆಮೇಲೆ ಕೆಲವು ಹುಳುಗಳು ಮೈ ಬಿಚ್ಚಿ, ಮಗ್ಗುಲು ಹೊರಳಿ, ಕಾಲುಗಳನ್ನು ಮೇಲೆ ಮಾಡಿಕೊಂಡು ಅಂಗಾತ ಮಲಗಿದವು. ಸತ್ತವೇನೋ ಎಂದುಕೊಳ್ಳುವಷ್ಟರಲ್ಲಿ ನಡೆಯತೊಡಗಿದವು. ಬೆನ್ನಿನ ಮಡಿಕೆಗಳು ಬಾಲದ ಕಡೆಯಿಂದ ತಲೆಯ ಕಡೆಗೆ ಒಂದರ ಹಿಂದೊಂದು ಉಬ್ಬಿ ಇಳಿಯುತ್ತಿದ್ದವು. ಬೆನ್ನ ಮೇಲಿನ ಗಿಡ್ಡ ಒರಟು ಕೂದಲುಗಳು ತಟ್ಟೆಯನ್ನು ಹಿಡಿಯುತ್ತಿದ್ದವು. ಆರು ಕಾಲುಗಳು ಗಾಳಿಯಲ್ಲಿ ಸುಮ್ಮನೆ ನಿಂತಿದ್ದವು. ನೇರವಾಗಿ, ಸಾಕಷ್ಟು ವೇಗವಾಗಿ ತಟ್ಟೆಯ ಅಂಚಿಗೆ ಹೋದವು. ಉಳಿದ ಹುಳುಗಳು ಹಾಗೆ ಮಾಡಲಿಲ್ಲ. ಕಾಲೂರಿ ತೆವಳಲು ನೋಡಿದವು, ಮಗ್ಗುಲಿಗೆ ಬಿದ್ದು ಮತ್ತೆ ಮುದುಡಿಕೊಂಡವು. ನಾನು ಒಂದೇ ಎಂದು ತಂದಿದ್ದ ಹುಳುಗಳು ನಮ್ಮ ಕಣ್ಣೆದುರೇ ಎರಡು ಪಾಲಾದವು.

‘ಬೆನ್ನ ಮೇಲೆ ಹೋದವು ಹೂದುಂಬಿಯ ಮರಿಗಳು. ಕೊಳೆತದ್ದನ್ನು ತಿಂದು ಬದುಕುವವು. ಬೇರು ತಿನ್ನುವುದು ಇನ್ನೊಂದು’ ಎಂದರು. ಅಂಗಳದಲ್ಲಿ ಯಾವ ದುಂಬಿಯ ಫೋಟೊ ತೆಗೆಯಲು ಉಸಿರು ಬಿಗಿಹಿಡಿದು ಕಾಯುತ್ತಿದ್ದೆನೋ ಅದರ ಮರಿಗಳನ್ನೇ ಕೊಟ್ಟಿಗೆಯ ಹಿಂದೆ ವಿಷ ಹಾಕಿ ಕೊಂದಿದ್ದೆ. ತಿಪ್ಪೆಯಲ್ಲಿ ಕೈಯಿಟ್ಟು ದುಡಿಯುವ ಹೆಂಗಸು ಹೇಳಿದ ಮಾತು ಅಕ್ಷರಶಃ ನಿಜವಾಗಿತ್ತು.

ಈ ಸಂಕಟದಿಂದಲೇ ನಾನು ದುಂಬಿಗಳ ವರ್ಗೀಕರಣ ಕಲಿಯಲು ಕೂತದ್ದು. ಅದುವರೆಗೆ ವರ್ಗೀಕರಣವೆಂದರೆ ವಿಜ್ಞಾನಿಗಳು ಲ್ಯಾಟಿನ್ ಹೆಸರಿಟ್ಟು ಪೆಟ್ಟಿಗೆ ತುಂಬುವ ಕೆಲಸ, ತೋಟದವನಿಗೆ ಅದರಿಂದ ಏನಾಗಬೇಕು ಎಂದುಕೊಂಡಿದ್ದೆ.

ಹೂದುಂಬಿ, ಗೊಣ್ಣೆಹುಳದ ದುಂಬಿ, ಸಗಣಿ ಉರುಳಿಸುವ ದುಂಬಿ, ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ ಇವೆಲ್ಲ ಒಂದೇ ಕುಟುಂಬ, ಸ್ಕ್ಯಾರಬೀಡೇ. ಕುಡಿಮೀಸೆಯ ತುದಿಯಲ್ಲಿ ಪುಸ್ತಕದ ಹಾಳೆಗಳಂತೆ ಬಿಚ್ಚಿ ಮುಚ್ಚುವ ತೆಳು ಪದರಗಳಿರುವುದು ಇವುಗಳ ಮನೆತನದ ಗುರುತು. ಮರಿಗಳೂ ಅಷ್ಟೆ, ಎಲ್ಲವೂ ಬೆಳ್ಳಗೆ, ದಪ್ಪಗೆ, ಬಾಗಿಕೊಂಡು ಇರುತ್ತವೆ. ನಾನು ಎಡವಿದ್ದು ಇಲ್ಲೇ. ಕುಟುಂಬ ಒಂದಾದ ಮಾತ್ರಕ್ಕೆ ಬದುಕು ಒಂದಲ್ಲ. ಒಳಗೆ ಉಪಕುಟುಂಬಗಳಿವೆ: ಸಗಣಿದುಂಬಿಗಳದ್ದು ಸ್ಕ್ಯಾರಬೀನೇ, ಗೊಣ್ಣೆಹುಳುಗಳದ್ದು ಮೆಲೊಲಾಂಥಿನೇ, ಕೊಂಬಿನ ದುಂಬಿಗಳದ್ದು ಡೈನಾಸ್ಟಿನೇ, ಹೂದುಂಬಿಗಳದ್ದು ಸಿಟೋನಿನೇ. ಯುರೋಪಿನ ತೋಟಗಳಲ್ಲಿ ರೋಸ್ ಚೇಫರ್ ಎಂದು ಹೆಸರಾದ ಹಸಿರು ದುಂಬಿ ಸಿಟೋನಿಯಾ ಔರಾಟಾ ಈ ಕೊನೆಯ ಗುಂಪಿನದು. ಆಫ್ರಿಕಾದ ದೈತ್ಯ ಗೋಲಿಯಾತ್ ದುಂಬಿಯೂ ಇದೇ ಗುಂಪು. ಪ್ರಪಂಚದಲ್ಲಿ ಸುಮಾರು 4,000 ಬಗೆಯ ಹೂದುಂಬಿಗಳಿವೆ.

ಇವುಗಳನ್ನು ಬೇರೆ ಮಾಡಿ ನೋಡುವುದನ್ನು ಕಲಿಸಿದವರಲ್ಲಿ ಮುಖ್ಯನಾದವನು ಲಿನೇಯಸ್‌ನ ಶಿಷ್ಯ, ಡೆನ್ಮಾರ್ಕಿನ ಫ್ಯಾಬ್ರಿಸಿಯಸ್. ಗುರು ಕೀಟಗಳನ್ನು ರೆಕ್ಕೆ ನೋಡಿ ವಿಂಗಡಿಸಿದ್ದರೆ ಶಿಷ್ಯ ಬಾಯಿಯ ರಚನೆ ನೋಡಿ ವಿಂಗಡಿಸಿದ. 1775ರಲ್ಲಿ ಸಿಟೋನಿಯಾ ಎಂಬ ಕುಲವನ್ನು ಬೇರೆ ಮಾಡಿದವನು ಅವನೇ. ನಮ್ಮ ದೇಶದ ಎರಡು ಪರಿಚಿತ ಹೂದುಂಬಿಗಳು, ಪ್ರೊಟೇಷಿಯಾ ಔರಿಕಾಲ್ಸಿಯಾ ಮತ್ತು ಆಕ್ಸಿಸಿಟೋನಿಯಾ ವರ್ಸಿಕಲರ್, ವಿಜ್ಞಾನಕ್ಕೆ ಪರಿಚಯವಾದದ್ದು ಅದೇ ವರ್ಷ, ಅವನಿಂದಲೇ. ಬಾಯಿ ನೋಡುವುದೆಂದರೆ ಏನನ್ನು ತಿನ್ನುತ್ತದೆ ಎಂದು ಕೇಳುವುದು. ಗೊಬ್ಬರದ ಗುಂಡಿಯ ಮುಂದೆ ನಿಂತು ನಾನು ಕೇಳಬೇಕಿದ್ದ ಪ್ರಶ್ನೆಯೂ ಅದೇ.

ಭೂತಗನ್ನಡಿಯಲ್ಲಿ ಹೂದುಂಬಿಯ ಬಾಯಿ ನೋಡಿದರೆ ವಿಷಯ ತಿಳಿಯುತ್ತದೆ. ಎಲೆ ಕಡಿಯುವ ದುಂಬಿಗಳ ದವಡೆ ಗಟ್ಟಿ. ಇದರದ್ದು ಮೆದು, ತೆಳು ಪೊರೆಯಂಥದ್ದು. ಅದರ ಕೆಳಗೆ ಪರಾಗ ಗುಡಿಸಿಕೊಳ್ಳುವ ಕೂದಲಿನ ಕುಂಚಗಳು. ಪರಾಗ, ಮಕರಂದ, ಮರದ ಗಾಯದಿಂದ ಒಸರುವ ರಸ, ಕಳಿತ ಹಣ್ಣು, ಹೆಚ್ಚಾಗಿ ಇವೇ ಇದರ ಊಟ. ಇನ್ನೊಂದು ಗುರುತು ಹಾರಾಟದಲ್ಲಿದೆ. ಬೇರೆ ಹೆಚ್ಚಿನ ದುಂಬಿಗಳು ಮೇಲಿನ ಗಟ್ಟಿ ರೆಕ್ಕೆಗಳನ್ನು ಅಗಲಿಸಿ ಎತ್ತಿ ಹಿಡಿದು ಹಾರುತ್ತವೆ. ಹೂದುಂಬಿಯ ಗಟ್ಟಿ ರೆಕ್ಕೆಯ ಪಕ್ಕದಲ್ಲಿ, ಭುಜದ ಕೆಳಗೆ, ಒಂದು ಕಚ್ಚು ಇರುತ್ತದೆ. ಅಲ್ಲಿಂದ ಒಳಗಿನ ತೆಳು ರೆಕ್ಕೆಗಳು ಹೊರಗೆ ಬರುತ್ತವೆ. ಬೆನ್ನಿನ ಕವಚ ಮುಚ್ಚಿದ್ದಂತೆಯೇ ಅದು ಹಾರುತ್ತದೆ, ದೊಡ್ಡ ಜೇನಿನ ಹಾಗೆ ಸದ್ದು ಮಾಡುತ್ತಾ. ಇದನ್ನು ನಾನು ನೂರಾರು ಸಲ ಕೇಳಿದ್ದೆ, ಗಮನಿಸಿರಲಿಲ್ಲ.

ಉಪಕುಟುಂಬದ ಒಳಗಿನ ಪಂಗಡಗಳನ್ನೂ ಕುಲಗಳನ್ನೂ ಬೇರೆ ಮಾಡುವ ಗುರುತುಗಳು ಇನ್ನೂ ಸೂಕ್ಷ್ಮ. ನಡುಗಾಲುಗಳ ಬುಡದ ಮಧ್ಯೆ ಎದೆಯಿಂದ ಮುಂದಕ್ಕೆ ಚಾಚಿದ ಒಂದು ಏಣು ಇರುತ್ತದೆ. ಅದು ಮೊಂಡೋ, ಚೂಪೋ, ಅಗಲವೋ ಎಂದು ನೋಡಬೇಕು. ಗಟ್ಟಿ ರೆಕ್ಕೆಗಳು ಕೂಡುವಲ್ಲಿ ಇರುವ ತ್ರಿಕೋನದ ಚಿಪ್ಪು ಕಾಣುತ್ತದೆಯೋ ಇಲ್ಲವೋ ನೋಡಬೇಕು. ಚುಕ್ಕಿಗಳಿರುವ ಕಪ್ಪು ದುಂಬಿಗಳೆಲ್ಲ ನನಗೆ ಒಂದೇ ಆಗಿದ್ದವು. ಆದರೆ ಕ್ಲಿಂಟೀರಿಯಾ ಎಂಬ ಕುಲದಲ್ಲಿ ಕತ್ತಿನ ಹಿಂದಿನ ಕವಚವು ನಾಲಿಗೆಯ ಹಾಗೆ ಹಿಂದಕ್ಕೆ ಚಾಚಿ ಆ ತ್ರಿಕೋನದ ಮೇಲೆ ಕೂತಿರುತ್ತದೆ. ಪ್ರೊಟೇಷಿಯಾದಲ್ಲಿ ತ್ರಿಕೋನ ಪೂರ್ತಿ ಕಾಣುತ್ತದೆ. ಚುಕ್ಕಿ ಒಂದೇ ಥರ ಇದ್ದರೂ ಪಂಗಡವೇ ಬೇರೆ.

ನಮ್ಮ ದೇಶದ ಹೂದುಂಬಿಗಳ ಇಂಥ ಗುರುತುಗಳನ್ನು ಮೊದಲು ಒಂದೆಡೆ ತಂದವರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಗಿಲ್ಬರ್ಟ್ ಆ್ಯರೋ. ‘ದ ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ 1910ರಲ್ಲಿ ಹೂದುಂಬಿ ಮತ್ತು ಕೊಂಬಿನ ದುಂಬಿಗಳ ಸಂಪುಟ ಹೊರತಂದು, 1917 ಮತ್ತು 1931ರಲ್ಲಿ ಈ ಬಳಗದ ಇನ್ನೆರಡು ಸಂಪುಟಗಳನ್ನು ಬರೆದರು. ನೂರು ವರ್ಷ ದಾಟಿದರೂ ದಕ್ಷಿಣ ಭಾರತದಲ್ಲಿ ದುಂಬಿ ಹಿಡಿದು ಕೂತವರು ಆ ಪುಸ್ತಕ ತೆರೆಯಲೇಬೇಕು. ಆಮೇಲೆ ಹೆಸರುಗಳು ಬದಲಾಗಿವೆ. ಆಕ್ಸಿಸಿಟೋನಿಯಾ ವರ್ಸಿಕಲರ್ ಈಗ ಗ್ಯಾಮೆಟಿಸ್ ವರ್ಸಿಕಲರ್. ಹೂದುಂಬಿಗಳನ್ನು ಉಪಕುಟುಂಬ ಎನ್ನಬೇಕೋ ಪ್ರತ್ಯೇಕ ಕುಟುಂಬ ಎನ್ನಬೇಕೋ ಎಂಬ ಚರ್ಚೆಯೂ ನಡೆದಿದೆ. ಹೊಸ ಗುರುತು ಸಿಕ್ಕಾಗ ಹಳೆಯ ತೀರ್ಮಾನ ತಿದ್ದಿಕೊಳ್ಳುವುದು ಆ ವಿದ್ಯೆಯ ಸಹಜ ನಡೆ. ತಟ್ಟೆಯ ಮುಂದೆ ಕೂತ ದಿನ ನನಗೆ ಬೇಕಾಗಿದ್ದದ್ದೂ ಅದೇ ಧೈರ್ಯ.

ಈ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ನನ್ನ ಹಳೆಯ ಫೋಟೊಗಳನ್ನು ತೆರೆದೆ. ‘ಹಸಿರು’ ಎಂದು ಇಟ್ಟಿದ್ದರಲ್ಲಿ ಮೂರು ಬೇರೆ ಬೇರೆ ಜೀವಗಳಿದ್ದವು. ಒಂದು, ಗಾಜಿನಂತೆ ನುಣುಪಾದ ಹೆಟರೋರೈನಾ. ಇನ್ನೊಂದು, ಮೈತುಂಬ ಕೂದಲಿನ ಕೈಲೊಲೋಬಾ ಅಕ್ಯೂಟಾ. ಇದು ಹುಲ್ಲಿನ ತೆನೆಗಳ, ಬಯಲುಸೀಮೆಯ ಸಜ್ಜೆ, ಜೋಳದ ತೆನೆಗಳ ಪರಾಗ ತಿನ್ನುವ ಹೂದುಂಬಿ. ಮೂರನೆಯದು ನಾವೆಲ್ಲ ಬೆಂಕಿಪೊಟ್ಟಣದಲ್ಲಿ ಸಾಕಿದ ಜೀರ್ಜಿಂಬೆ. ಅದು ಹೂದುಂಬಿಯೇ ಅಲ್ಲ, ಕುಟುಂಬವೇ ಬೇರೆ, ಬ್ಯೂಪ್ರೆಸ್ಟಿಡೇ. ಇನ್ನು ‘ಕೆಂಪು’ ಮತ್ತು ‘ಕಪ್ಪು’ ಎಂದು ಬೇರೆ ಬೇರೆ ಇಟ್ಟಿದ್ದ ಎಷ್ಟೋ ಚಿತ್ರಗಳಲ್ಲಿ ಇದ್ದದ್ದು ಒಂದೇ ಗ್ಯಾಮೆಟಿಸ್ ವರ್ಸಿಕಲರ್. ಅದರ ಬಣ್ಣ ಒಂದೊಂದು ದುಂಬಿಗೆ ಒಂದೊಂದು ಥರ: ಒಂದರಲ್ಲಿ ಕೆಂಪು ಹೆಚ್ಚು, ಇನ್ನೊಂದು ಬಹುಪಾಲು ಕಪ್ಪು.

ಬೇರೆ ಬೇರೆಯಾದವನ್ನು ಒಂದು ಮಾಡಿದ್ದೆ, ಒಂದೇ ಆಗಿದ್ದುದನ್ನು ಬೇರೆ ಮಾಡಿದ್ದೆ. ಗೊಬ್ಬರದ ಗುಂಡಿಯಲ್ಲೂ ಇದನ್ನೇ ಮಾಡಿದ್ದೆ. ಬೇರುಹುಳ ಮತ್ತು ಹೂದುಂಬಿಯ ಮರಿ ಎರಡು. ಬಣ್ಣ ಒಂದೇ ಎಂದು ಒಂದು ಮಾಡಿದೆ. ಹೂವಿನ ಮೇಲಿನ ದುಂಬಿ, ಗೊಬ್ಬರದೊಳಗಿನ ಹುಳು ಒಂದೇ ಜೀವ. ರೂಪ ಬೇರೆ ಎಂದು ಎರಡು ಮಾಡಿ, ಒಂದನ್ನು ಪ್ರೀತಿಸಿ ಇನ್ನೊಂದನ್ನು ಕೊಂದೆ. ಫೋಟೊ ತಪ್ಪಿದರೆ ಯಾರಿಗೂ ನೋವಿಲ್ಲ. ಗುಂಡಿಯಲ್ಲಿ ತಪ್ಪಿದ್ದಕ್ಕೆ ಜೀವಗಳು ಹೋದವು, ಗೊಬ್ಬರ ಕೆಟ್ಟಿತು, ವಿಷ ಮಣ್ಣಿಗೆ ಸೇರಿತು. ನೋಟದ ದೋಷ ಎರಡು ಕಡೆಯೂ ಒಂದೇ.

ಹೂದುಂಬಿಯ ಮರಿ ಗುಂಡಿಯಲ್ಲಿ ಮಾಡುವ ಕೆಲಸ ಸಣ್ಣದಲ್ಲ. ಅದರ ಕರುಳಿನ ಹಿಂಭಾಗ ಒಂದು ಹುದುಗಿಸುವ ಚೀಲ. ಅಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು, ನಾರು ಹೆಚ್ಚಾಗಿ ಸುಲಭಕ್ಕೆ ಕೊಳೆಯದ ಸೊಪ್ಪುಸದೆ, ಲಡ್ಡು ಮರದ ಪುಡಿಯನ್ನು ಜೀರ್ಣ ಮಾಡುತ್ತವೆ. ಹೊರಬರುವುದು ಗಟ್ಟಿ ಸಣ್ಣ ಕಾಳುಗಳು. ಕೊರಿಯಾ, ಚೀನಾಗಳಲ್ಲಿ ಪ್ರೊಟೇಷಿಯಾ ಕುಲದ ಒಂದು ದುಂಬಿಯ ಮರಿಗಳನ್ನು ಇದಕ್ಕಾಗಿಯೇ ಸಾಕುತ್ತಾರೆ. ಅಣಬೆ ಬೆಳೆದು ಉಳಿದ ಕಸವನ್ನು ತಿನ್ನಿಸಿ ಗೊಬ್ಬರ ಪಡೆಯುತ್ತಾರೆ. ಕೊರಿಯಾದಲ್ಲಿ ಆ ಮರಿಗಳನ್ನು ಆಹಾರವಾಗಿಯೂ ಬಳಸುತ್ತಾರೆ. ತಿಪ್ಪೆಯ ಮೇಲೆ ತಗ್ಗಿನಲ್ಲಿ ಸುತ್ತುವ ಕಪ್ಪು ಕಣಜಗಳನ್ನು ನೀವು ನೋಡಿರಬಹುದು. ಸ್ಕೋಲಿಯಾ ಬಳಗದ ಆ ಕಣಜಗಳು ಗೊಬ್ಬರದೊಳಗೆ ಇಳಿದು ಇಂಥ ಮರಿಗಳನ್ನು ಕುಟುಕಿ ಅವುಗಳ ಮೇಲೆ ಮೊಟ್ಟೆ ಇಡುತ್ತವೆ. ಫ್ರಾನ್ಸಿನ ಕೀಟತಜ್ಞ ಫ್ಯಾಬ್ರ್ ತಮ್ಮ ಊರಿನ ಹೂದುಂಬಿ ಮರಿಗಳ ಬೆನ್ನಿನ ನಡಿಗೆಯನ್ನೂ ಈ ಕಣಜಗಳ ಬೇಟೆಯನ್ನೂ ಬಹಳ ಹಿಂದೆಯೇ ತಾಳ್ಮೆಯಿಂದ ಕೂತು ನೋಡಿ ಬರೆದಿದ್ದಾರೆ. ಹುಳುಗಳ ಸಂಖ್ಯೆಯನ್ನು ಹಿಡಿತದಲ್ಲಿಡುವ ವ್ಯವಸ್ಥೆ ಗುಂಡಿಯಲ್ಲೇ ಇತ್ತು.

ಹಾಗೆಂದು ಹೂದುಂಬಿಗಳೆಲ್ಲ ರೈತನ ಮಿತ್ರರು ಎಂದು ಸಾರಿದರೆ ಅದೂ ನೋಡದೆ ಹೇಳಿದ ಮಾತಾಗುತ್ತದೆ. ಇದೇ ಗ್ಯಾಮೆಟಿಸ್ ವರ್ಸಿಕಲರ್ ಬೆಂಡೆ, ಬದನೆ, ಹತ್ತಿ, ಗುಲಾಬಿಯ ಹೂಗಳನ್ನು ಹಾಳು ಮಾಡುವುದುಂಟು. ತೆಂಗು ಬೆಳೆಯುವ ಕಡೆ ಗೊಬ್ಬರದ ಗುಂಡಿಯಲ್ಲಿ ಕೊಂಬಿನ ದುಂಬಿಯ ಮರಿಗಳೂ ಇರುತ್ತವೆ. ಅವು ಬೆಳೆದು ತೆಂಗಿನ ಸುಳಿಗೆ ಹೋಗುತ್ತವೆ, ಅವುಗಳನ್ನು ತಡೆಯಲೇಬೇಕು. ಅದಕ್ಕೆ ಮೆಟರೈಜಿಯಂ ಎಂಬ ಶಿಲೀಂಧ್ರ ಬಳಸುತ್ತಾರೆ. ವರ್ಗೀಕರಣ ಯಾರಿಗೂ ಒಳ್ಳೆಯವ, ಕೆಟ್ಟವ ಎಂಬ ಪಟ್ಟ ಕಟ್ಟುವುದಿಲ್ಲ. ಇದು ಯಾರು, ಎಲ್ಲಿ ಬದುಕುತ್ತದೆ, ಏನು ತಿನ್ನುತ್ತದೆ ಎಂದು ಹೇಳುತ್ತದೆ. ತೀರ್ಮಾನ ಆಮೇಲಿನದು.

ಕಾಫಿ ಬೆಳೆಗಾರರು ದುಂಬಿ ಎಂದರೆ ಬೆಚ್ಚುವುದಕ್ಕೆ ಕಾರಣವಿದೆ. ಅರೇಬಿಕಾದ ಬಿಳಿ ಕಾಂಡಕೊರಕವೂ ದುಂಬಿಯೇ. ಕೊರಕ ಹೊಕ್ಕ ಗಿಡ ಹುಡುಕುವ ಬೋರರ್ ಟ್ರೇಸಿಂಗ್ ಮಾಡಿಸಿ, ಫಸಲು ಕೊಡುತ್ತಿದ್ದ ಗಿಡವನ್ನು ಬೇರುಸಹಿತ ಕಿತ್ತು ಸುಟ್ಟವನಿಗೆ ಆ ಸಂಕಟ ಗೊತ್ತು. ಆ ಭಯದಲ್ಲಿ ಕಂಡ ಹುಳುವೆಲ್ಲ ಶತ್ರುವಾಗುತ್ತದೆ. ಆದರೆ ಭಯ ಇರುವಲ್ಲೇ ಗುರುತು ಸರಿಯಾಗಿರಬೇಕು. ನಾನು ಗುಂಡಿಗೆ ಔಷಧಿ ಸುರಿಯುತ್ತಿದ್ದಾಗ ನಿಜವಾದ ಬೇರುಹುಳ ಗಿಡದ ಬುಡದಲ್ಲಿ ನಿಶ್ಚಿಂತೆಯಾಗಿತ್ತು. ಅದರ ದುಂಬಿಗಳು ಮೊದಲ ಮಳೆಗೆ ಮಣ್ಣಿನಿಂದೆದ್ದು, ಮುಸ್ಸಂಜೆ ಮರಗಳಿಗೆ ಹಾರಿ ಎಲೆ ತಿಂದು, ಮತ್ತೆ ತೋಟದ ಮಣ್ಣಿಗೇ ಬಂದು ಮೊಟ್ಟೆ ಇಡುತ್ತವೆ. ಅವುಗಳನ್ನು ಹಿಡಿಯುವ ಕಾಲ ಅದು. ದೀಪದ ಬಲೆ ಇಟ್ಟು, ಮರದ ಕೊಂಬೆ ಅಲುಗಿಸಿ ಆರಿಸಬೇಕು. ಆ ಸಂಜೆಗಳನ್ನು ನಾನು ಗುಂಡಿಯ ಮೇಲೆ ಸಿಟ್ಟು ಮಾಡುತ್ತಾ ಕಳೆದಿದ್ದೆ.

ಔಷಧಿ ಹಾಕಲು ಹೇಳಿದ್ದ ಪ್ರತಿಯೊಬ್ಬರ ಮನೆಗೂ ಹೋಗಿ, ನಾನು ಹೇಳಿದ್ದು ತಪ್ಪು ಎಂದು ಹೇಳಿ ಬಂದೆ. ಕೆಲವರು ಬೇಸರಪಟ್ಟುಕೊಂಡರು. ಅವರ ಬೇಸರ ನ್ಯಾಯವಾದದ್ದು. ಕೊಟ್ಟಿಗೆಯ ಹಿರಿಯಾಕೆಯ ಮುಂದೆಯೂ ಹೇಳಿದೆ. ‘ನಂಗೆ ಅದರ ಹೆಸರ್ ಗೊತ್ತಿಲ್ಲ ಗೌಡ್ರೆ, ಹೋಗೋದು ನೋಡಿದ್ದೆ ಅಷ್ಟೆ’ ಎಂದರು. ನನಗೆ ಹೆಸರುಗಳು ಗೊತ್ತಿದ್ದವು, ನೋಡಿರಲಿಲ್ಲ. ನೋಡುವವರ ಮಾತಿಗೆ ಕಿವಿ ಕೊಡದೆ ವರ್ಗೀಕರಣ ಕಲಿಯಲಾಗುವುದಿಲ್ಲ ಎಂಬುದು ಈ ಸೋಲಿನಿಂದ ನಾನು ಪಡೆದ ದೊಡ್ಡ ಪಾಠ. ಫ್ಯಾಬ್ರಿಸಿಯಸ್ ಮಾಡಿದ್ದೂ ಆಕೆ ಮಾಡಿದ್ದೂ ಬುಡದಲ್ಲಿ ಒಂದೇ ಕೆಲಸ.

ಗುಂಡಿಯಲ್ಲಿ ಬಿಳಿ ಹುಳು ಕಂಡರೆ ಹೀಗೆ ಮಾಡಿ. ಕೆಲವನ್ನು ಸಮತಟ್ಟಾದ ಹಲಗೆಯ ಮೇಲೆ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಅಂಗಾತ ಮಲಗಿ ಬೆನ್ನಿನಿಂದ ನಡೆದರೆ ಅದು ಹೂದುಂಬಿಯ ಮರಿ. ತಲೆ ಮೈಗಿಂತ ಸಣ್ಣದು, ಕಾಲುಗಳು ಗಿಡ್ಡ. ತಲೆ ದೊಡ್ಡದಾಗಿ, ಕಂದು ಕೆಂಪಾಗಿ, ಮಗ್ಗುಲಲ್ಲಿ ಮುದುಡಿಯೇ ಇದ್ದರೆ ಕೊಂಬಿನ ದುಂಬಿಯದೇ ಎಂದು ಅನುಮಾನಿಸಿ. ಕಾಲು ಉದ್ದವಿದ್ದು ಕಾಲೂರಿ ತೆವಳಿದರೆ ಗೊಣ್ಣೆಹುಳು ಇರಬಹುದು. ತಿಳಿಯದಿದ್ದರೆ ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟತಜ್ಞರಿದ್ದಾರೆ. ಕೇಳಿ.

ಇನ್ನೂ ಒಂದು ಕೆಲಸವಿದೆ, ಅದನ್ನು ನಾನೀಗ ಮಾಡುತ್ತಿದ್ದೇನೆ. ಗುಂಡಿಯ ಕೆಲವು ಮರಿಗಳನ್ನು ಅದೇ ಗೊಬ್ಬರ ತುಂಬಿದ ಬಕೆಟ್‌ನಲ್ಲಿ ಹಾಕಿ, ತೇವ ಆರದಂತೆ ನೋಡಿಕೊಂಡು, ಬಲೆ ಕಟ್ಟಿ ಇಡುವುದು. ಅವು ಮಣ್ಣು, ಹಿಕ್ಕೆ ಸೇರಿಸಿ ಮೊಟ್ಟೆಯಾಕಾರದ ಗೂಡು ಕಟ್ಟಿ ಒಳಗೆ ಕೋಶವಾಗುತ್ತವೆ. ತಿಂಗಳುಗಳ ಮೇಲೆ ದುಂಬಿಯಾಗಿ ಹೊರಗೆ ಬರುತ್ತವೆ. ಆಗ ಯಾವ ಮರಿ ಯಾವ ದುಂಬಿಯದು ಎಂದು ಊಹೆಯಿಲ್ಲದೆ ಹೇಳಬಹುದು. ಆ್ಯರೋ ಅವರ ಸಂಪುಟದಲ್ಲಿ ಇರುವುದು ಬಹುಮಟ್ಟಿಗೆ ಬೆಳೆದ ದುಂಬಿಗಳ ವಿವರಣೆ. ನಮ್ಮ ಹೂದುಂಬಿಗಳಲ್ಲಿ ಹೆಚ್ಚಿನವುಗಳ ಮರಿಗಳನ್ನು ವಿವರಿಸುವ ಕೆಲಸ ಇನ್ನೂ ಬಾಕಿಯಿದೆ. ಒಂದು ಬಕೆಟ್, ಒಂದು ಭೂತಗನ್ನಡಿ, ಹಿಡಿದ ಜಾಗ ಮತ್ತು ದಿನಾಂಕ ಬರೆದಿಟ್ಟ ಒಂದು ಚೀಟಿ ಇದ್ದರೆ ತೋಟದವರೂ ತಿಪ್ಪೆಯ ಕೆಲಸದವರೂ ಈ ವಿದ್ಯೆಗೆ ಕೈ ಜೋಡಿಸಬಹುದು. ಕೊಂದ ಹುಳುಗಳನ್ನು ನಾನು ವಾಪಸು ತರಲಾರೆ. ಅವು ಯಾರೆಂದು ಸರಿಯಾಗಿ ತಿಳಿದು, ತಿಳಿದದ್ದನ್ನು ಊರಿಗೆ ಹೇಳುವುದು ನನ್ನ ಕೈಲಿದೆ.